ಖುಬ್ಜ್ ಸಾಲಿನಲ್ಲಿ ಕೇಳಿದ ಮಾಯಾ ನಗರ

ಅವರ ಎರಡೂ ಕೈಗಳ ಮೇಲೆ, ಬಳೆ ತೊಡುವಲ್ಲಿಂದ ಮೊಣಕೈವರೆಗೆ, ಎಣ್ಣೆ ಸಿಡಿದ ಕಪ್ಪು ಕಲೆಗಳಿದ್ದವು. ಆಗಷ್ಟೇ ಒಲೆಯಿಂದ ತೆಗೆದ ಖುಬ್ಜ್, ಅರಬ್ಬರ ಆ ಅಗಲ ರೊಟ್ಟಿ, ನಮಗೆಲ್ಲ ಕೈಗೆ ಬಟ್ಟೆ ಹಿಡಿಯದೆ ಮುಟ್ಟಲು ಆಗುತ್ತಿರಲಿಲ್ಲ. ಅವರು ಮಾತ್ರ ಆರಾರನ್ನು ಬರಿಗೈಯಲ್ಲಿ ಎತ್ತಿ, ಹಿಟ್ಟು ಕೊಡವಿ, ಚೀಲಕ್ಕೆ ಇಳಿಸುತ್ತಿದ್ದರು.

ಮೂಲ್ಕಿ ಕಡೆಯವರು. ಫಹಾಹೀಲ್‌ನ ಒಂದು ಕುವೈತಿ ಮನೆಯಲ್ಲಿ ಬಹಳ ವರ್ಷಗಳಿಂದ ಅಡಿಗೆಗಿದ್ದರು. ಅದೇ ಬೀದಿಯ ಕೊನೆಯ ಫ್ಲ್ಯಾಟಿನಲ್ಲಿ ನಾವಿದ್ದೆವು. ನಾನು ಶಿವಮೊಗ್ಗದವಳು, ಕಾರ್ಕಳದವರನ್ನು ಮದುವೆಯಾಗಿ ಬಂದವಳು. ತುಳು ಬಾರದ ನನ್ನ ಸಲುವಾಗಿ ಅವರು ಮಂಗಳೂರು ಕನ್ನಡದಲ್ಲಿ ಮಾತಾಡುತ್ತಿದ್ದರು. ನಾನು ಅಕ್ಕ ಎನ್ನುತ್ತಿದ್ದೆ.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂದಾಗ ಅಕ್ಕ ಕೆಲಸಕ್ಕಿದ್ದ ಮನೆಯ ಯಜಮಾನರ ಕುಟುಂಬ ಬೇಸಿಗೆ ಕಳೆಯಲು ಹೊರದೇಶಕ್ಕೆ ಹೋಗಿತ್ತು. ಸೊಂಟ ಮುರಿದು ಮಲಗಿದ್ದ ಯಜಮಾನರ ತಾಯಿಯನ್ನು ಅಕ್ಕನ ಕೈಗೆ ಒಪ್ಪಿಸಿ ಹೋಗಿದ್ದರು. ಮೊದಲ ವಾರದಲ್ಲೇ ಡ್ರೈವರ್ ಕಾರು ತೆಗೆದುಕೊಂಡು ಓಡಿಹೋದ. ದೊಡ್ಡ ಮನೆಯಲ್ಲಿ ಉಳಿದದ್ದು ಇಬ್ಬರೇ ಹೆಂಗಸರು.

ಬೆಳಿಗ್ಗೆ ಬೇಕರಿಯ ಮುಂದೆ ಸಾಲು. ಹೆಂಗಸರ ಸಾಲು ಬೇಗ ಮುಂದೆ ಹೋಗುತ್ತದೆಂದು ನಾನೇ ಹೋಗುತ್ತಿದ್ದೆ. ಆಗ ನಾನು ನಾಲ್ಕು ತಿಂಗಳ ಬಸುರಿ. ಅಕ್ಕ ತಲೆಗೆ ಒದ್ದೆ ಬೈರಾಸು ಹೊದ್ದು, ನನ್ನನ್ನು ಗೋಡೆಯ ನೆರಳಿಗೆ ತಳ್ಳಿ, ನನ್ನ ಪಾಲಿನ ಸಾಲನ್ನೂ ತಾವೇ ನಿಲ್ಲುತ್ತಿದ್ದರು. ಏನೇ ಆದರೂ, "ಆಯ್ತಲ್ಲ, ಇನ್ನೆಂತ?" ಎನ್ನುವುದು ಅವರ ಮಾತು. ಒಂದು ದಿನ ಸಿಪಾಯಿಯೊಬ್ಬ ಅವರಿದ್ದ ಮನೆ ಶೋಧಿಸಲು ಬಂದಿದ್ದನಂತೆ.

"ಬೂಟು ಹೊರಗೆ ಬಿಡು, ಈಗಷ್ಟೇ ನೆಲ ಒರೆಸಿದ್ದೇನೆ ಅಂದೆ. ಬಿಚ್ಚಿದ, ಪಾಪ. ಮುದುಕಿಯ ಕೋಣೆ ಬಾಗಿಲಲ್ಲಿ ನಿಂತು ಸಲಾಂ ಅಂದ."

"ಆಮೇಲೆ?"

"ಆಮೇಲೆ ಎಂತ? ಹೋಗುವಾಗ ಟಿ.ವಿ. ಹೊತ್ತುಕೊಂಡು ಹೋದ."

ಒಮ್ಮೆ ಸಾಲಿನಲ್ಲಿದ್ದ ಯಾರೋ, "ಈ ಊರು ಖಲಾಸ್. ಇನ್ನು ಇಲ್ಲಿ ಮನುಷ್ಯರು ಇರುವುದಿಲ್ಲ" ಎಂದರು. ಅಂಗಡಿಗಳ ಬಾಗಿಲು ಮುರಿದಿತ್ತು, ರಸ್ತೆಯಲ್ಲಿ ಬೆಕ್ಕುಗಳು ಮಾತ್ರ. ಅಕ್ಕ ನನ್ನತ್ತ ತಿರುಗಿ, "ಖಾಲಿ ಊರು ನಾನು ನೋಡಿದ್ದೇನೆ" ಎಂದರು.

ಹಿಂದಿನ ವರ್ಷ ಯಜಮಾನರ ಮನೆಯವರು ಅಮೆರಿಕಕ್ಕೆ ಹೋದವರು ಅಲ್ಲಿಂದ ಮೆಕ್ಸಿಕೋ ನೋಡಲು ಹೋಗಿದ್ದರು. ಚಿಕ್ಕ ಮಕ್ಕಳಿಬ್ಬರನ್ನು ನೋಡಿಕೊಳ್ಳಲು ಅಕ್ಕನನ್ನೂ ಕರೆದೊಯ್ದಿದ್ದರು.

"ಕಾಡಿನ ನಡುವೆ ಕಲ್ಲಿನ ಊರು, ಮಾರಾಯ್ತಿ. ಮಾಯಾ ಅಂತ ಜನ ಕಟ್ಟಿದ್ದಂತೆ. ಮಾಯ ಆಗಿ ಹೋದದ್ದಕ್ಕೆ ಆ ಹೆಸರೋ ಅಂತ ನಾನು ತಿಳಿದದ್ದು. ಅಲ್ಲ, ಮೊದಲಿಂದ ಅದೇ ಹೆಸರಂತೆ. ಅರಮನೆ ಉಂಟು, ಅಂಗಳ ಉಂಟು, ಗೋಡೆ ತುಂಬ ಕೆತ್ತನೆ. ಛಾವಣಿ ಮೇಲೆ ಮರ ಬೆಳೆದಿದೆ. ಇಲ್ಲಿದ್ದ ಜನ ಎಲ್ಲಿಗೆ ಹೋದರೂಂತ ಯಾರಿಗೂ ಗೊತ್ತಿಲ್ಲ ಅಂತ ಗೈಡ್ ಹೇಳಿದ. ಯಜಮಾನರ ದೊಡ್ಡ ಮಗಳು ನನಗೆ ಅರಬ್ಬಿಯಲ್ಲಿ ಹೇಳಿದಳು. ಅಲ್ಲೇ ಒಬ್ಬಳು ಹೆಂಗಸು ತರಗೆಲೆ ಗುಡಿಸ್ತಾ ಇದ್ದಳು. ಗೋಡೆಯಲ್ಲಿ ಕೆತ್ತಿದ ಮೂಗು ಉಂಟಲ್ಲ, ಅದೇ ಮೂಗು ಅವಳದ್ದು! ಮತ್ತೆ ಇವಳು ಯಾರು ಅಂತ ಕೇಳು ಅಂದೆ. ಮಗಳು ಕೇಳಿದಳು. ಗೈಡ್ ನಗಾಡಿದ, ಅಷ್ಟೇ."

ಊಟದ ಹೊತ್ತಿಗೆ ಯಜಮಾನರು ಹೋಟೆಲಿಗೆ ಹೋದರು. ಅಕ್ಕ ಆ ಹೆಂಗಸಿನ ಜೊತೆ ಮರದಡಿ ಕೂತು ಮೆಕ್ಕೆಜೋಳದ ರೊಟ್ಟಿ, ಹಸಿಮೆಣಸು ತಿಂದರು. ಅವಳು ಬೆರಳೆತ್ತಿ ತನಗೆ ಐದು ಮಕ್ಕಳು ಎಂದಳು. ಅಕ್ಕ ಕೈ ಅಲ್ಲಾಡಿಸಿ ತನಗೆ ಯಾರೂ ಇಲ್ಲ ಎಂದರು. ಅವಳು ತನ್ನ ಪಾಲಿನ ಇನ್ನೊಂದು ರೊಟ್ಟಿ ಅಕ್ಕನ ಎಲೆಗೆ ಹಾಕಿದಳು.

ಸೆಪ್ಟೆಂಬರಿನಲ್ಲಿ ನಮ್ಮ ದೇಶದ ಜನ ಬಸ್ಸು ಹಿಡಿದು ಇರಾಕಿನ ಮೂಲಕ ಜೋರ್ಡಾನಿಗೆ, ಅಲ್ಲಿಂದ ವಿಮಾನದಲ್ಲಿ ಊರಿಗೆ ಹೋಗತೊಡಗಿದರು. ನನ್ನ ಗಂಡ ಎರಡು ಸೀಟು ಹಿಡಿದು ಬಂದರು. ನಾನು ಬರುವುದಿಲ್ಲ ಎಂದು ಹಟ ಹಿಡಿದೆ. ಹಿಂದಿನ ವರ್ಷ ಒಂದು ಬಸುರು ಇಳಿದುಹೋಗಿತ್ತು. ಮರಳುಗಾಡಿನಲ್ಲಿ ದಿನಗಟ್ಟಲೆ ಬಸ್ಸು ಎಂದರೆ ಇದೂ ಹೋಗುತ್ತದೆ ಎಂಬ ಭಯ. ಅವರು ಬೇಡಿಕೊಂಡರು, ಬೈದರು, ಕೊನೆಗೆ ಅಕ್ಕನನ್ನು ಕರೆತಂದರು.

ಅಕ್ಕ ನನ್ನ ಪಕ್ಕ ಕೂತು ಆ ಊರಿನ ಉಳಿದ ಕಥೆ ಹೇಳಿದರು. ಅಲ್ಲೊಂದು ಎತ್ತರದ ಗುಡಿ, ಏಣಿಯ ಹಾಗೆ ಕಡಿದಾದ ಮೆಟ್ಟಿಲು. ಮಕ್ಕಳು ಓಡಿ ಹತ್ತಿದವು, ಹಿಂದೆ ಅಕ್ಕ. ಮಕ್ಕಳನ್ನು ತಂದೆ ಇಳಿಸಿಕೊಂಡು ಹೋದರು. ಅಕ್ಕ ಕೆಳಗೆ ನೋಡಿದವರು ಅಲ್ಲೇ ಕೂತುಬಿಟ್ಟರು.

"ಕೆಳಗೆ ನಿಂತು ಎಲ್ಲರೂ ನಗ್ತಾ ಇದ್ದಾರೆ. ನನಗೆ ಅಳು. ಆ ಗುಡಿಸುವವಳು ಪೊರಕೆ ಬಿಟ್ಟು ಮೇಲೆ ಬಂದಳು. ನನ್ನನ್ನು ಕಲ್ಲಿನ ಕಡೆ ತಿರುಗಿಸಿದಳು. ತಾನು ಕೆಳಗಿನ ಮೆಟ್ಟಿಲಲ್ಲಿ ನಿಂತು ನನ್ನ ಒಂದೊಂದು ಪಾದ ಹಿಡಿದು ಇಡಿಸಿದಳು. ಅವಳ ಭಾಷೆ ನನಗೆ ಬರುವುದಿಲ್ಲ, ನನ್ನದು ಅವಳಿಗೆ ಬರುವುದಿಲ್ಲ. ಅಷ್ಟೂ ಮೆಟ್ಟಿಲು ಇಳಿಸಿದಳು ಮಗಾ. ನೀನು ಹೊರಡು. ದಾರಿಯಲ್ಲಿ ಯಾರಾದರೂ ಇರ್ತಾರೆ."

"ನೀವೂ ಬನ್ನಿ ಅಕ್ಕಾ" ಎಂದರು ನನ್ನ ಗಂಡ. "ಪಾಸ್‌ಪೋರ್ಟ್ ಯಜಮಾನರ ಹತ್ತಿರ ಉಳಿದವರಿಗೂ ಎಂಬಸಿಯವರು ಕಾಗದ ಮಾಡಿಕೊಡ್ತಾರಂತೆ."

"ಮುದುಕಿಯನ್ನು ಮಗ್ಗುಲು ತಿರುಗಿಸುವುದು ಯಾರು?" ಎಂದು ಅಕ್ಕ ಎದ್ದರು.

ಹೊರಟ ದಿನ ಹತ್ತು ಖುಬ್ಜ್, ಎರಡು ಬಾಟಲಿ ನೀರು ತಂದು ನನ್ನ ಮಡಿಲಿಗಿಟ್ಟರು. ಜೋರ್ಡಾನ್ ಗಡಿಯ ಆಚೆಯ ಮರಳಿನಲ್ಲಿ ಐದು ದಿನ ಕಾದೆವು. ಮಂಗಳೂರು ಕಡೆಯ ಬ್ಯಾರಿ ಹೆಂಗಸೊಬ್ಬಳು ತನ್ನ ಗುಡಾರದ ನೆರಳನ್ನು ನನಗೆ ಬಿಟ್ಟು ತಾನು ಬಿಸಿಲಲ್ಲಿ ಕೂತಳು. ಜನವರಿಯಲ್ಲಿ ಕಾರ್ಕಳದಲ್ಲಿ ಮಗಳು ಹುಟ್ಟಿದಳು.

ತೊಂಬತ್ತೊಂದರ ಕೊನೆಗೆ ಮಗುವಿನೊಂದಿಗೆ ಕುವೈತಿಗೆ ಮರಳಿದವಳು ಮೊದಲು ಹೋದದ್ದು ಆ ಮನೆಗೆ. ಯಜಮಾನರ ದೊಡ್ಡ ಮಗಳು ಬಾಗಿಲು ತೆರೆದಳು. ಯುದ್ಧ ಮುಗಿಯುವ ಮೊದಲೇ ಅಜ್ಜಿ ತೀರಿಕೊಂಡಿದ್ದರು. ಅಕ್ಕನೇ ಮೈ ತೊಳೆದು, ಪಕ್ಕದ ಮಸೀದಿಯ ಮುದುಕನನ್ನು ಕರೆದು ಮಣ್ಣು ಮಾಡಿಸಿದ್ದರು. ಕುಟುಂಬ ಮರಳುವವರೆಗೆ, ಉರಿಯುವ ಎಣ್ಣೆಬಾವಿಗಳ ಹೊಗೆಯಲ್ಲಿ, ಒಬ್ಬರೇ ಆ ಮನೆ ಕಾದರು. ಆಮೇಲೆ ಬೀಗದ ಕೈ ಒಪ್ಪಿಸಿ ಊರಿಗೆ ಹೋದರು. "ಇರು ಅಂತ ಕಾಲು ಹಿಡಿದೆವು" ಎಂದು ಹುಡುಗಿ ಅತ್ತಳು.

ಮುಂದಿನ ರಜೆಯಲ್ಲಿ ವಿಳಾಸ ಹುಡುಕಿ ಮೂಲ್ಕಿಗೆ ಹೋದೆ. ತಡವಾಗಿತ್ತು. ಎರಡು ತಿಂಗಳ ಹಿಂದೆ ಜ್ವರದಲ್ಲಿ ತೀರಿಕೊಂಡಿದ್ದರು. ಊರಿಗೆ ಬಂದಾಗಿನಿಂದ ಕೆಮ್ಮು ಬಿಟ್ಟಿರಲಿಲ್ಲವಂತೆ. ತಮ್ಮನ ಮಗಳು ನನಗೆ ಬೆಲ್ಲ, ನೀರು ಕೊಟ್ಟು, "ಅತ್ತೆ ಅಲ್ಲಿ ಎಂತ ಮಾಡ್ತಾ ಇದ್ದರು? ಕೇಳಿದರೆ ಅಡಿಗೆ ಮಾಡಿಕೊಂಡಿದ್ದೆ ಅಂತಿದ್ದರು, ಮತ್ತೆ ಮಾತಿಲ್ಲ" ಎಂದಳು.

ಮೆಕ್ಸಿಕೋದ ಆ ಊರನ್ನು ಅವರು ಹೇಳಿರಲಿಲ್ಲ. ಸಿಪಾಯಿಯ ಬೂಟು ಬಿಚ್ಚಿಸಿದ್ದನ್ನು, ಮುದುಕಿಯ ಮೈ ತೊಳೆದದ್ದನ್ನು, ಯಾವುದನ್ನೂ ಹೇಳಿರಲಿಲ್ಲ. ನಾನು ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಜಗಲಿಯಲ್ಲಿ ಕೂತು ಮೊದಲಿನಿಂದ ಹೇಳಿದೆ. ಅಂಗಳದ ಕೆಲಸ ಬಿಟ್ಟು ಮನೆಯವರೆಲ್ಲ ಬಂದು ಕೂತರು. ನಡುನಡುವೆ ಆ ಹುಡುಗಿ ನನ್ನ ಮಾತು ತಡೆದು ಕೇಳುತ್ತಿದ್ದಳು:

"ನಮ್ಮ ಅತ್ತೆಯಾ? ನಮ್ಮ ಅತ್ತೆಯೇ?"