ದಾರಕ್ಕೆ ಸಿಕ್ಕ ಕಲ್ಲು

೧೯೮೬ರಲ್ಲಿ ನಾನು ಏಳನೇ ಇಯತ್ತೆಗೆ ಕೈಮುಗಿದು ಶಾಲೆ ಬಿಟ್ಟೆ. ಸೌರಮಂಡಲದ ಪಾಠ ಪುಸ್ತಕದ ಕೊನೆಯಲ್ಲಿತ್ತು. ಅಲ್ಲಿಯವರೆಗೆ ನಾನು ಮುಟ್ಟಲಿಲ್ಲ. ಹೀಗಾಗಿ ಮಂಗಳಕ್ಕೂ ಗುರುವಿಗೂ ನಡುವೆ ಲಕ್ಷಾಂತರ ಕಲ್ಲುಗಳು ಸೂರ್ಯನನ್ನು ಸುತ್ತುತ್ತಿವೆ ಎಂದು ನನಗೆ ತಿಳಿದದ್ದು ಹೈದರಾಬಾದಿನ ಮಣಿಕೊಂಡದಲ್ಲಿ, ನಾಲ್ಕನೇ ಮಹಡಿಯ ಒಂದು ಮನೆಯಲ್ಲಿ ಮೊಣಕಾಲೂರಿ ಟೈಲ್ಸ್ ಕೂಡಿಸುವಾಗ.

ಸಾಫ್ಟ್‌ವೇರ್ ಕಂಪನಿಗಳಿಗಾಗಿ ಹೈದರಾಬಾದಿನ ಬಂಡೆಗಳನ್ನೆಲ್ಲ ಒಡೆದು ಮಹಡಿ ಏರಿಸುತ್ತಿದ್ದ ಕಾಲವದು. ನಾನು ಹಾಸಿದ ನೆಲದ ಮೇಲೆ ಎಷ್ಟು ಎಂಜಿನಿಯರರು ನಡೆದಾಡಿದರೋ ಲೆಕ್ಕವಿಲ್ಲ. ಆದರೆ ಗೇಟಿನ ಮೇಲೆ ಬಿಲ್ಡರ್ ಹೆಸರು, ಬಾಗಿಲ ಮೇಲೆ ಮಾಲೀಕರ ಹೆಸರು. ಮಿಸ್ತ್ರಿಯ ಹೆಸರು ಬರೆಯುವ ಪದ್ಧತಿ ಯಾವ ಕಟ್ಟಡಕ್ಕೂ ಇಲ್ಲ. ನೀವು ನಗಬಹುದು, ನನಗದು ಚುಚ್ಚುತ್ತಿತ್ತು.

ಆ ಮನೆಯ ಶೈಲಜಕ್ಕ ಧಾರವಾಡದವರು, ಎಂಜಿನಿಯರು. ರಜೆಯ ದಿನ ಕಂಪ್ಯೂಟರಿನಲ್ಲಿ ಆಕಾಶದ ಫೋಟೋ ನೋಡುವುದು ಅವರ ಹುಚ್ಚು. ಎಲ್ಲೋ ದೂರದ ದುರ್ಬೀನು ಆಕಾಶದ ಒಂದೇ ತುಂಡನ್ನು ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ನಾಲ್ಕು ಸಲ ತೆಗೆದಿರುತ್ತದೆ. ನಕ್ಷತ್ರಗಳು ಇದ್ದಲ್ಲೇ ಇರುತ್ತವೆ. ಜಾಗ ಬದಲಿಸಿದ ಚುಕ್ಕಿ ಕಲ್ಲು. ತಿಂಗಳುಗಟ್ಟಲೆ ಹುಡುಕಿದರೂ ಅವರಿಗೆ ಹೊಸದೊಂದೂ ಸಿಕ್ಕಿರಲಿಲ್ಲ. ನೀರು ಕೇಳಲು ಹೋದ ನಾನು ಪರದೆ ನೋಡುತ್ತ ನಿಂತೆ.

“ಅಕ್ಕಾರ, ಮೂಲ್ಯಾಗ ಒಂದು ಚುಕ್ಕಿ ಸರಿಯಾಕತ್ತೈತಿ ನೋಡ್ರಿ.”

“ಅದು ಕ್ಯಾಮರಾದ ಧೂಳು ಬಿಡ್ರಿ, ಮಿಸ್ತ್ರಿ.”

“ಧೂಳು ನನಗ ಹೇಳ್ತೀರೇನ್ರಿ? ಇಪ್ಪತ್ತು ವರ್ಷ ತಿಂದೀನಿ. ಧೂಳು ಹಿಂಗ ಸಾಲು ಹಿಡಿದು ನಡಿಯಂಗಿಲ್ಲ.”

ನಾಲ್ಕೂ ಚಿತ್ರಗಳನ್ನು ಒಂದರ ಮೇಲೊಂದು ಇಡಿಸಿದೆ. ಟೈಲ್ಸಿನ ಸಾಲು ನೋಡುವ ದಾರವನ್ನು ಕಿಸೆಯಿಂದ ತೆಗೆದು ಪರದೆಗೆ ಬಿಗಿಹಿಡಿದೆ. ನಾಲ್ಕು ಚುಕ್ಕಿಯೂ ದಾರದ ಕೆಳಗೇ. ನಡುವಿನ ಮೂರು ಸಂದೂ ಸಮ. ಅಕ್ಕ ಕುರ್ಚಿ ಮುಂದೆಳೆದುಕೊಂಡರು.

“ಕಲ್ಲಾಗಿದ್ರ ನನ್ನ ಹೆಸರೂ ಬರೀಬೇಕ್ರಿ.”

“ಧೂಳಾಗಿದ್ರ?”

“ಬಾಲ್ಕನಿ ಪುಕಟ ಹಾಸಿ ಕೊಡ್ತೀನ್ರಿ.”

ಅಕ್ಕ ಇಬ್ಬರ ಹೆಸರಲ್ಲೂ ವರದಿ ಕಳಿಸಿದರು. ಬೇರೆ ದೇಶದವರೂ ಅದನ್ನು ಕಂಡು ಹೌದೆನ್ನಬೇಕಂತೆ. ಹದಿನೇಳು ದಿನ ಕಾದೆ. ನನ್ನ ಧೈರ್ಯ ಎಷ್ಟಿತ್ತೆಂದರೆ, ಅಷ್ಟರಲ್ಲಿ ಬಾಲ್ಕನಿಯ ಅಳತೆ ಎರಡು ಸಲ ತೆಗೆದುಕೊಂಡಿದ್ದೆ. ಹದಿನೆಂಟನೆಯ ದಿನ ಅಕ್ಕನ ಫೋನು ಬಂತು: “ಬಾಲ್ಕನಿಗೆ ರೊಕ್ಕಾ ಕೊಡಬೇಕಾತು ನೋಡ್ರಿ, ಮಿಸ್ತ್ರಿ.”

ಕಲ್ಲು ಒಂದೂವರೆ ಕಿಲೋಮೀಟರ್ ಅಗಲ ಇರಬಹುದಂತೆ. ಕಡಪಾ ಕಲ್ಲಿಗಿಂತ ಕಪ್ಪು, ಸೂರ್ಯನ ಸುತ್ತ ಒಂದು ಸುತ್ತಿಗೆ ಐದು ವರ್ಷ. ಸದ್ಯ ಅದಕ್ಕೆ ಅಕ್ಷರ, ಅಂಕಿಗಳ ಗುರುತಷ್ಟೇ. ಹೋಗುವ ದಾರಿ ಖಚಿತವಾದ ಮೇಲೆ ನಾಮಕರಣ. ಆಗಲಿ, ಅದರ ಹೆಸರಿಗೆ ಅವಸರವಿಲ್ಲ. ಕಂಡವರ ಪಟ್ಟಿಯಲ್ಲಿ ನನ್ನದು ಅಚ್ಚಾಗಿದೆ, ಅಕ್ಕನ ಹೆಸರಿನ ಪಕ್ಕದಲ್ಲೇ.

ಈಗ ನನ್ನ ಹತ್ತಿರ ಇರುವುದಿಷ್ಟು: ಮಲ್ಕಾಜ್‌ಗಿರಿಯಲ್ಲಿ ಎರಡು ಕೋಣೆಯ ಮನೆ, ಒಂದು ಬೈಕು, ಟೈಲ್ಸ್ ಕತ್ತರಿಸುವ ಯಂತ್ರ ಮೂರು, ಜೊತೆಗೆ ದುಡಿಯುವವರು ಒಂಬತ್ತು ಮಂದಿ, ಆಕಾಶದಲ್ಲಿ ಕಲ್ಲು ಒಂದು.