ನಾಲ್ಕನೇ ಬೆರಳಿನ ತಿದ್ದುಪಡಿ

ಕಳೆದ ವಾರ ನಾನು ಒಬ್ಬ ಮೇಷ್ಟ್ರ ಪುಸ್ತಕವನ್ನು ಅವರಿಗೆ ಹೇಳದೆ ತಿದ್ದಿದೆ. ಅದೂ ಗಿಟಾರ್ ಪುಸ್ತಕ. ನನಗೆ ಗಿಟಾರ್ ಬರುತ್ತದೆಯೇ? ಇಲ್ಲ. ಕಂಪ್ಯೂಟರ್ ಬರುತ್ತದೆ. (ಹೊಸದಾಗಿ ಕಲಿತವರ ಧೈರ್ಯವೇ ಬೇರೆ.)

ಮೇಷ್ಟ್ರ ಹೆಸರು ರುದ್ರೇಶ್. ಭದ್ರಾವತಿಯ ನ್ಯೂಟೌನ್‌ನಲ್ಲಿ ಮನೆ, ಕಾರ್ಖಾನೆಯಲ್ಲಿ ಕೆಲಸ, ಭಾನುವಾರ ಗಿಟಾರ್ ಕ್ಲಾಸು. ನನ್ನ ಮಗಳು ಮೇಘನಾ ವಿದ್ಯಾನಗರದಿಂದ ಬಸ್ಸು ಹತ್ತಿ ಅಲ್ಲಿಗೆ ಕಲಿಯಲು ಹೋಗುತ್ತಾಳೆ. ಹಾಡು, ಹಲವು ತಂತಿ ಒಟ್ಟಿಗೆ ಮೀಟುವ ಕಾರ್ಡ್ ಎಲ್ಲವನ್ನೂ ಮೇಷ್ಟ್ರು ಕೈಯಲ್ಲೇ ಬರೆದಿಟ್ಟ ನೋಟ್‌ಬುಕ್ಕೊಂದಿದೆ. ಜೆರಾಕ್ಸಿನ ಜೆರಾಕ್ಸಾಗಿ ಮಕ್ಕಳ ಕೈ ಸೇರುವಷ್ಟರಲ್ಲಿ ಬರೀ ಮಸಿ.

“ಮೇಡಂ, ನಿಮ್ಮನೇಲಿ ಕಂಪ್ಯೂಟರ್ ಇದೆಯಂತಲ್ಲ, ನೀಟಾಗಿ ಮಾಡ್ಕೊಡ್ತೀರಾ? ಇಪ್ಪತ್ತು ವರ್ಷದಿಂದ ಬರ್ಕೊಂಡು ಬಂದಿದ್ದು” ಎಂದರು. ಕರಗಿಹೋದೆ.

ಸಂಗೀತ ಬರೆಯುವ ಸಾಫ್ಟ್‌ವೇರ್ ಹಾಕಿಸಿದೆ. ಸ್ವರಗಳೇನೋ ಬೇಗ ಕುಳಿತವು. ಸತಾಯಿಸಿದ್ದು ಕಾರ್ಡ್ ಚಿತ್ರಗಳು. ಆರು ತಂತಿಗೆ ಆರು ಉದ್ದ ಗೆರೆ, ಮೇಲೆ ಅಡ್ಡ ಗೆರೆಗಳು, ಬೆರಳಿಡುವ ಕಡೆ ಚುಕ್ಕೆ, ಯಾವ ಬೆರಳೆಂದು ತೋರುಬೆರಳಿನಿಂದ ಎಣಿಸಿದ ನಂಬರ್. ಥೇಟ್ ರಂಗೋಲಿ! ಮೌಸ್ ಜಾರಿದರೆ ಚುಕ್ಕೆ ಪಕ್ಕದ ತಂತಿಗೆ. ಚಿತ್ರವನ್ನು ಸ್ವಲ್ಪ ಎಳೆದರೆ ಹಾಡಿನ ಸಾಲಿನ ಮೇಲೇ ಸವಾರಿ.

ಮೂರನೇ ದಿನ ಮೆನುವಿನೊಳಗೆ ರೆಡಿಮೇಡ್ ಚಿತ್ರಗಳು ಸಿಕ್ಕವು. ಕಾರ್ಡಿನ ಹೆಸರು ಟೈಪ್ ಮಾಡಿದರೆ ಸಾಕು, ತಾವೇ ಬಂದು ಕೂರುತ್ತವೆ! ಹೋಲಿಸಿ ನೋಡಿದೆ. ಎಷ್ಟೋ ಕಡೆ ಕಂಪ್ಯೂಟರ್ ನಾಲ್ಕು ಬೆರಳು ಎನ್ನುತ್ತದೆ, ಮೇಷ್ಟ್ರು ಮೂರೇ ಎನ್ನುತ್ತಾರೆ. ಇಡೀ ನೋಟ್‌ಬುಕ್ಕಿನಲ್ಲಿ ನಾಲ್ಕು ಎಂಬ ನಂಬರೇ ಇಲ್ಲ. ಪಾಪ, ಮರೆತಿದ್ದಾರೆ. ಮರೆತವರಿಗೆ ನೆನಪಿಸುವುದು ಪುಣ್ಯದ ಕೆಲಸವಲ್ಲವೇ? ಅಷ್ಟನ್ನೂ ತಿದ್ದಿದೆ.

ಭಾನುವಾರ ಪ್ರಿಂಟ್ ಹಿಡಿದು ಮಗಳ ಜೊತೆ ನಾನೂ ಹೋದೆ. ಮೇಷ್ಟ್ರು ಕನ್ನಡಕ ಏರಿಸಿ ಪುಟ ತಿರುಗಿಸಿದರು. “ಎಷ್ಟು ಚೆನ್ನಾಗಿದೆ ಮೇಡಂ!” ಆಮೇಲೆ ಒಂದು ಪುಟದಲ್ಲಿ ನಿಂತರು. “ಇದೇನಿದು ನಾಲ್ಕು?”

“ನೀವು ಬಿಟ್ಟಿದ್ರಲ್ಲ ಸರ್, ಸೇರಿಸಿದ್ದೀನಿ” ಎಂದೆ ಹೆಮ್ಮೆಯಿಂದ.

ಅವರು ಎಡಗೈ ಚಾಚಿದರು. ಕಿರುಬೆರಳು ಕಡ್ಡಿಯಂತೆ ನೆಟ್ಟಗಿತ್ತು. “ಕಾಲೇಜಲ್ಲಿ ಕ್ಯಾಚ್ ಹಿಡಿಯೋಕೆ ಹೋಗಿ ಮುರೀತು ಮೇಡಂ. ಆಮೇಲೆ ಬಗ್ಗಲೇ ಇಲ್ಲ. ಮೂರರಲ್ಲೇ ಹೊಂದಿಸ್ಕೊಂಡೆ.”

ಮುಖ ಎಲ್ಲಿಡಲಿ? ಪಕ್ಕಕ್ಕೆ ತಿರುಗಿದೆ. ಅಲ್ಲಿ ಏಳು ಮಂದಿ ಶಿಷ್ಯರು ಗಿಟಾರ್ ಬಾರಿಸುತ್ತಿದ್ದರು. ಏಳೂ ಕಿರುಬೆರಳುಗಳು ಕಡ್ಡಿಯಂತೆ ನೆಟ್ಟಗೆ! ನನ್ನ ಮಗಳದ್ದೂ.

“ಯಾಕೇ ಬೆರಳು ಹಂಗೆ ಎತ್ಕೊಂಡಿದ್ದೀಯ?”

“ಅದು ಸ್ಟೈಲ್ ಅಮ್ಮ. ಸರ್ ಹಂಗೇ ಹಿಡೀತಾರಲ್ಲ.”

ಮೇಷ್ಟ್ರು ಹೌಹಾರಿದರು. “ಅಯ್ಯೋ ಮಾರಾಯ್ತಿ, ಅದು ಸ್ಟೈಲಲ್ಲ, ಫ್ರ್ಯಾಕ್ಚರ್! ಎಟುಕಲ್ಲ ಅಂತ ಎತ್ತಿದ್ದೀರ ಅಂದ್ಕೊಂಡಿದ್ನಲ್ಲ ನಾನು!”

ಎಲ್ಲರೂ ನಕ್ಕರು, ಮೇಷ್ಟ್ರೂ ನಕ್ಕರು. ನಗು ನಿಂತ ಮೇಲೆ ಹೊಸ ಪುಸ್ತಕವನ್ನು ಮೇಘನಾಳ ಮುಂದಿಟ್ಟರು. “ಇದನ್ನ ನೋಡಿ ಬಾರಿಸು.”

ಎರಡು ಸಲ ತಂತಿ ಗೊರಗುಟ್ಟಿತು. ಮೂರನೆಯ ಸಲ ಕಾರ್ಡ್ ಇಡಿಯಾಗಿ ಮೊಳಗಿತು. ಮೇಷ್ಟ್ರು ಹತ್ತಿರ ಬಂದು ಕೂತರು. “ಇನ್ನೊಂದ್ಸಲ ಬಾರಿಸಮ್ಮ” ಎಂದರು. ಕೇಳಿದರು. “ನನ್ನ ಕೈಲಿ ಇದು ಬರಲ್ಲ. ನೀವು ಕಲೀರಿ. ಮೇಡಂ, ಪುಸ್ತಕ ಹಿಂಗೇ ಇರಲಿ.”

ವಾಪಸ್ ಬರುವಾಗ ಮಗಳು ಬಸ್ಸಿನ ಕಂಬಿಯ ಮೇಲೆ ಕಿರುಬೆರಳು ಬಗ್ಗಿಸಿ ನೋಡುತ್ತಿದ್ದಳು. ವಿದ್ಯಾನಗರ ಹತ್ತಿರ ಬಂದಾಗ ಕೇಳಿದಳು: “ಅಮ್ಮ, ನೀನು ನಂಗೆ ಹೇಳ್ಕೊಟ್ಟಿರೋದ್ರಲ್ಲಿ ಇಂಥ ಫ್ರ್ಯಾಕ್ಚರ್‌ಗಳು ಎಷ್ಟಿದಾವೆ?”