ಬಾಡಿಗೆಯವನಾಗಿದ್ದ ಮಗ

ಸ್ನೇಹಿತರೇ, ಇವತ್ತು ಅಮೆರಿಕದ ರೌಂಡ್ ರಾಕ್‌ನ ನಮ್ಮ ಅಡುಗೆಮನೆಯಲ್ಲಿ ಒಬ್ಬ ಅಪ್ಪ ಸಿಕ್ಕಿದ.

ಪಕ್ಕದ ಮನೆಯ ಲಿಂಡಾ ನಾರ್ವೆಯಿಂದ ವಲಸೆ ಬಂದ ತನ್ನ ಪೂರ್ವಜರನ್ನು ಹಳೆಯ ಜನಗಣತಿಯಲ್ಲಿ ಹುಡುಕುತ್ತಿದ್ದಾಳೆ. ಲ್ಯಾಪ್‌ಟಾಪ್ ತೋರಿಸಿ, "ನಮ್ಮ ಮುತ್ತಜ್ಜ ಹಾನ್ಸ್ ಓಲ್ಸನ್ ಸಿಕ್ಕಿದ. ಓಲೆ ಹೌಗೆನ್ ಎನ್ನುವವನ ಮನೇಲಿದ್ದಾನೆ, ಸರ್‌ನೇಮ್ ಬೇರೆ, ಬಾಡಿಗೆಗಿದ್ದ ಅಂತ ಕಾಣುತ್ತೆ. ಅವನಪ್ಪನ ಸುಳಿವೇ ಇಲ್ಲ" ಎಂದಳು.

ಕಾಫಿ ಸೋಸುತ್ತಿದ್ದ ನನ್ನ ಹೆಂಡತಿ ಇಣುಕಿದಳು. "ಅಯ್ಯೋ, ಬಾಡಿಗೆಯವನಲ್ಲ ರೀ, ಮಗ! ನಮ್ಮ ಕಡೆ ಥರಾನೇ. ಅಪ್ಪ ಊರಿನ ಹೆಸರು ಇಟ್ಕೊಂಡಿರ್ತಾನೆ, ಮಗ ಅಪ್ಪನ ಹೆಸರು."

ಲಿಂಡಾ ಅಲ್ಲೇ ನೆಟ್‌ನಲ್ಲಿ ತಡಕಾಡಿದಳು. ನಿಜ! ಓಲ್ಸನ್ ಎಂದರೆ ಓಲೆಯ ಮಗ. ಹೌಗೆನ್ ಎಂಬುದು ಅವರು ನಾರ್ವೆಯಲ್ಲಿ ಬಿಟ್ಟುಬಂದ ಜಮೀನಿನ ಹೆಸರು. ಪರದೆಯ ಮೇಲಿನ ಆ ಎರಡು ಹೆಸರುಗಳನ್ನು ಅವಳು ಬೆರಳಿನಿಂದ ಸವರಿದಳು.

ನಮ್ಮ ಮನೆಯಲ್ಲಿ ನನ್ನ ಸರ್‌ನೇಮ್ ನಮ್ಮೂರು, ಹೆಂಡತಿಯದು ನಮ್ಮ ಮಾವ, ಮಗಳದು ನಾನು. ಮುಂದೆ ನಮ್ಮನ್ನು ಹುಡುಕುವವರು ಈ ಮನೆಯನ್ನು ಮೂವರು ಬಾಡಿಗೆಯವರ ಪಿ.ಜಿ. ಎಂದೇ ಬರೆದುಕೊಳ್ಳುತ್ತಾರೆ.